ಹೊಸ್ತಿಲ ಮೊಳೆ

ನಮ್ಮೂರಿನಲ್ಲಿ ವಾಸ್ತು ಹೇಳಿ ಹೊಟ್ಟೆ ಹೊರೆಯಲು ಆಗುವುದಿಲ್ಲ. ಹಿಂದೊಬ್ಬ ಬಂದಿದ್ದ, ಪೂರ್ವಕ್ಕೆ ಬಾಗಿಲಿದ್ದರೆ ಐಶ್ವರ್ಯ ಎಂದು ಬೋರ್ಡು ಹಾಕಿಕೊಂಡು. ಬೆಳಿಗ್ಗೆ ಪೂರ್ವಕ್ಕಿದ್ದ ಬಾಗಿಲು ಯಜಮಾನ ಸಂತೆಗೆ ಹೋದದ್ದೇ ತಡ ಪಡುವಣಕ್ಕೆ ತಿರುಗಿದ್ದನ್ನು ಕಂಡು ಬಸ್ಸು ಹತ್ತಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ನಮ್ಮೂರ ಮನೆಗಳು ಒಡೆಯರಿರುವ ಕಡೆಗೆ ಮುಖ ಮಾಡುತ್ತವೆ. ಒಡೆಯ ಒಳಗಿದ್ದರೆ ಬೀದಿಗೆ ಮುಖ, ಹೊರಗೆ ಹೋದರೆ ಅವನು ಹೋದತ್ತ. ಅದಕ್ಕೇ ನಾವು ಮೆಟ್ಟಿಲುಗಳನ್ನು ಕಲ್ಲಿನಲ್ಲಿ ಕಟ್ಟುವುದಿಲ್ಲ. ಮರದಲ್ಲಿ ಮಾಡಿಸಿ, ಬಾಗಿಲು ಹೋದಲ್ಲಿಗೆ ಎಳೆದುಕೊಂಡು ಹೋಗುತ್ತೇವೆ. ನಮ್ಮ ಗಂಡಸರು ಸುಳ್ಳು ಹೇಳುವುದೂ ಸ್ವಲ್ಪ ಕಡಿಮೆಯೇ. ಗುಡಿಗೆ ಹೋಗುತ್ತೇನೆಂದವನ ಮನೆ ಸೇಂದಿ ಅಂಗಡಿಯ ಕಡೆ ನೋಡುತ್ತಿದ್ದರೆ ಹೆಂಡತಿಗೆ ಬೇರೆ ಸಾಕ್ಷಿ ಬೇಕಾಗುವುದಿಲ್ಲ.

ಒಡೆಯ ಯಾರೆಂಬುದು ಹೊಸ್ತಿಲಿಗೆ ಗೊತ್ತು. ಕಮ್ಮಾರ ಮೋನೇಶ ಒಡೆಯನ ತಲೆಗೂದಲನ್ನು ಕಬ್ಬಿಣಕ್ಕೆ ಸುತ್ತಿ, ಕಾಸಿ, ಒಂದು ಮೊಳೆ ಮಾಡಿಕೊಡುತ್ತಾನೆ. ಕೂದಲು ಸುಟ್ಟುಹೋದರೂ ಅದರ ಗೆರೆ ಮೊಳೆಯ ಮೈಮೇಲೆ ಉಳಿಯುತ್ತದೆ. ಅದನ್ನು ಹೊಸ್ತಿಲ ನಡುವೆ ಬಡಿದರೆ ಮನೆ ಅವನದು. ಮನೆ ಮಾರುವುದೆಂದರೆ ಹಳೆಯ ಮೊಳೆ ಕಿತ್ತು ಹೊಸದನ್ನು ಬಡಿಯುವುದು, ಅಷ್ಟೇ. ಕೀಳುವ ಹಕ್ಕು ಮಾತ್ರ ಮನೆಯ ಹಿರಿಯ ಜೀವದ್ದು. ಒಡೆಯ ಸತ್ತರೆ ಯಾರೂ ಕೀಳಬೇಕಾಗಿಲ್ಲ, ಮೊಳೆ ಸಡಿಲಾಗಿ ತಾನೇ ಬೆರಳಿಗೆ ಬರುತ್ತದೆ.

ನಮ್ಮ ಹೊಸ್ತಿಲಲ್ಲಿದ್ದದ್ದು ನನ್ನ ಗಂಡ ದ್ಯಾಮಣ್ಣನ ಮೊಳೆ. ನಾನು ಜೋಳದ ರೊಟ್ಟಿ ಬಡಿದು ಮಾರುವವಳು. ರೊಟ್ಟಿ ಮಾಡುವ ಮಷಿನ್ ತರುತ್ತೇನೆ, ನಿನ್ನ ರಟ್ಟೆನೋವು ಕಳೆಯುತ್ತದೆ ಎಂದು ಹೇಳಿ ಅವನು ಪಟ್ಟಣದ ಬಸ್ಸು ಹತ್ತಿದ. ಮಷಿನ್ನೂ ಬರಲಿಲ್ಲ, ಮನುಷ್ಯನೂ ಬರಲಿಲ್ಲ. ಮೊದಮೊದಲು ಮನೆ ದಿನಕ್ಕೊಂದು ಕಡೆ ತಿರುಗುತ್ತಿತ್ತು. ಆಮೇಲೆ ಬೀದಿಗೆ ಬೆನ್ನು ಹಾಕಿ, ಹಿತ್ತಲಿನಾಚೆ ಗುಡ್ಡದ ಮೇಲಿರುವ ಒಂಟಿ ತಾಳೆಮರಕ್ಕೆ ನೇರವಾಗಿ ನಿಂತುಬಿಟ್ಟಿತು. ಬಾಗಿಲು ದಿಕ್ಕು ತೋರಿಸುತ್ತದೆಯೇ ಹೊರತು ದೂರ ಹೇಳುವುದಿಲ್ಲ. ನಾನು ಒಮ್ಮೆ ಆ ದಿಕ್ಕು ಹಿಡಿದು ಹೋಗಿ, ಗುಡ್ಡದಾಚೆಯ ಊರುಗಳನ್ನೆಲ್ಲ ಅಲೆದು, ಕಾಲು ಬಾತುಕೊಂಡು ವಾಪಸಾದೆ. ರೊಟ್ಟಿ ಕೊಳ್ಳುವವರು ಪಕ್ಕದ ಸಂದಿಯಲ್ಲಿ ಬಳಸಿಕೊಂಡು ಹಿತ್ತಲಿಗೆ ಬರುವುದನ್ನು ಕಲಿತರು.

ಮನೆಯಲ್ಲಿ ಉಳಿದವರು ನಾನು ಮತ್ತು ಬಾಳವ್ವ. ಬಾಳವ್ವ ಅವನ ಅಕ್ಕ. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವನನ್ನು ಬಿಟ್ಟುಹೋಗಬೇಕಾಗುತ್ತದೆಂದು ಮದುವೆಯನ್ನೂ ಬೇಡವೆಂದವಳು. ಅವಳು ದಿನಾ ಎದ್ದ ಕೂಡಲೇ ಹೊಸ್ತಿಲ ಬಳಿ ಕೂತು ಮೊಳೆಯನ್ನು ಹೆಬ್ಬೆರಳಿಂದ ಒತ್ತಿ ನೋಡುತ್ತಿದ್ದಳು. "ಗಟ್ಟಿ ಐತಿ" ಎನ್ನುತ್ತಿದ್ದಳು. ಆಮೇಲೆ ಮೆಟ್ಟಿಲಿಳಿದು, ಬಾಗಿಲು ಮರದ ನೇರಕ್ಕಿದೆಯೇ ಎಂದು ಕಣ್ಣು ಕಿರಿದು ಮಾಡಿ ನೋಡಿ, ಮುಖ ತೊಳೆಯುತ್ತಿದ್ದಳು. ಅವಳು ಗಟ್ಟಿ ಐತಿ ಎಂದಮೇಲೇ ನಾನು ಒಲೆ ಹಚ್ಚುತ್ತಿದ್ದೆ. ಅವಳಿಗಾಗಿ ಕಾಯುತ್ತಿದ್ದೆ ಎಂದು ಊರ ಮುಂದೆ ಹೇಳಿಕೊಂಡರೂ, ಆ ಮಾತು ನನಗೂ ಬೇಕಿತ್ತು. ಬಿಟ್ಟುಹೋದವನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವನು ಬದುಕಿರಲಿ ಎನ್ನುವ ಆಸೆಗೆ ನಾಚಿಕೆ ಇರುವುದಿಲ್ಲ.

ಒಂದು ಮುಂಜಾನೆ, ನಾವಿನ್ನೂ ಮಲಗಿದ್ದಾಗಲೇ, ಮನೆ ಮೊಳಕೈಯುದ್ದ ಪೂರ್ವಕ್ಕೆ ಸರಿದಿತ್ತು. ಅವನೆಲ್ಲಿಗೋ ಹೊರಟಿದ್ದನೆಂದು ಕಾಣುತ್ತದೆ. ಬಾಗಿಲು ಸರಿದಿತ್ತು, ಮೆಟ್ಟಿಲು ಇದ್ದಲ್ಲೇ ಇತ್ತು. ಬಾಳವ್ವ ಮೊಳೆ ಒತ್ತಿ, ಗಟ್ಟಿ ಐತಿ ಎಂದು, ರೂಢಿಯ ಮೇಲೆ ಕಾಲು ಹೊರಗಿಟ್ಟಳು. ಅಲ್ಲಿ ಮೆಟ್ಟಿಲಿರಲಿಲ್ಲ. ಸೊಂಟದೆತ್ತರದ ಕಟ್ಟೆಯಿಂದ ಕೆಳಗೆ ಬಿದ್ದ ಸದ್ದಿಗೆ ನಾನು ಓಡಿಬಂದಾಗ ಅವಳು ಕೂಗುತ್ತಿರಲಿಲ್ಲ, ಮರದ ಕಡೆಗೇ ನೋಡುತ್ತಿದ್ದಳು. "ಎಲ್ಲಿಗೋ ಹೊಂಟಾನ ಫಕೀರವ್ವ" ಎಂದಳು.

ತೊಡೆಯ ಮೂಳೆ ಸೊಂಟದ ಸಂದಿನಲ್ಲಿ ಮುರಿದಿತ್ತು. ಈ ವಾರ ದಾಟಿಸಬೇಡಿ, ಆಪರೇಷನ್ ಮಾಡಿದರೆ ನಡೆಯುತ್ತಾರೆ, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದರು ತಾಲೂಕಿನ ಡಾಕ್ಟರು. ಅವರು ಹೇಳಿದ ಮೊತ್ತ ರೊಟ್ಟಿ ಬಡಿದು ಈ ಜನ್ಮದಲ್ಲಿ ಕೂಡಿಸುವಂಥದ್ದಲ್ಲ. ಅವಳನ್ನು ಮನೆಗೆ ಕರೆತಂದು ನಡುಮನೆಯ ಮಂಚದಲ್ಲಿ ಮಲಗಿಸಿದೆ. ಹೊರಳಿದಾಗೆಲ್ಲ ಹಲ್ಲು ಕಚ್ಚುತ್ತಿದ್ದಳು.

ಬೇಟೆ ಎಲ್ಲಿದೆಯೆಂದು ಹದ್ದಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮರುದಿನವೇ ವಾಲೀಕಾರ ಬಂದ. ಪಟ್ಟಣದ ಯಾರೋ ಮೇಡಂ ಪರವಾಗಿ ನಮ್ಮೂರಿನ ಮನೆಗಳನ್ನು ಕೊಳ್ಳುವ ಏಜೆಂಟ ಇವನು. ನಮ್ಮ ಓಣಿಯಲ್ಲೇ ಮೂರು ಮನೆ ಆಗಲೇ ಅವನ ಕೈಸೇರಿದ್ದವು. ತೀರ ಮರ್ಯಾದಸ್ಥ ಮನುಷ್ಯ, ಚಪ್ಪಲಿಯನ್ನು ದೂರದಲ್ಲೇ ಬಿಟ್ಟು ಬರುತ್ತಾನೆ.

"ಮನಿ ಮಾರಿದ್ರೂ ಮನಿ ಬಿಡೂದು ಬ್ಯಾಡ್ರೀ" ಎಂದ. "ಒಂದ ಕೈಲೆ ರೊಕ್ಕಾ ತಗೊಳ್ರಿ, ಇದ್ದ ಮನ್ಯಾಗ ಇರ್ರಿ. ತಿಂಗಳಾ ಬಾಡಿಗಿ ಕೊಟ್ರ ಮುಗೀತು. ನಿಮ್ಮ ಒಲಿ ನಿಮ್ಮದ, ನಿಮ್ಮ ಹಿತ್ತಲಾ ನಿಮ್ಮದ. ಹಿರಿಯಾರ ಕಾಲ ಮುಂದ ಮನಿ ಏನ್ ದೊಡ್ಡದ್ರಿ?"

"ಬಾಡಿಗಿ ಕೊಡಾಕ ಆಗದಿದ್ರ?"

"ಅದನ್ನ ಆವಾಗ ನೋಡೂಣಂತ." ಅವನು ಚೀಲದಿಂದ ಮೇಡಮ್ಮಿನ ಮೊಳೆ ತೆಗೆದು ತೋರಿಸಿದ. ಮೈಮೇಲೆ ಕಪ್ಪು ಗೆರೆ ಉದ್ದಕ್ಕೆ ಸುತ್ತಿತ್ತು, ದಟ್ಟ ಕೂದಲಿನ ಹೆಂಗಸು. "ನಿಮ್ಮ ಮನಿಗೆ ಉಳಿದೋರಿಗಿಂತ ಹೆಚ್ಚಿಗಿ ಕೊಡಾಕ ಹೇಳ್ಯಾರ ನಮ್ಮ ಸಾಹೇಬ್ರು. ಹೆಸರು ಮೇಡಮ್ಮೋರದು, ಆದ್ರ ವ್ಯವಹಾರ ಎಲ್ಲಾ ಅವರ ಯಜಮಾನ್ರ ನೋಡ್ತಾರ್ರಿ. ಒಂದ ಕರಾರು. ಕಿತ್ತ ಹಳೀ ಮೊಳಿ ನಮಗ ಕೊಡಬೇಕು."

"ಉಳಿದೋರ ಹಂತೇಲೆ ಹಳೀ ಮೊಳಿ ಕೇಳಿದ್ರೇನು?"

"ಇಲ್ರಿ."

"ನಮ್ಮದ ಯಾಕ?"

"ನಾ ಹೇಳಿದ್ದು ಹೇಳಾಂವ್ರಿ. ಗುರುವಾರ ಬರ್ತೇನಿ" ಎಂದು ಎದ್ದುಹೋದ. ಹಳೆಯ ಕಬ್ಬಿಣ ಕೂಡಿಸುವ ಚಟವಿರಬೇಕು ದೊಡ್ಡವರಿಗೆ ಎಂದುಕೊಂಡು ನಾನು ಅದನ್ನು ಅಲ್ಲಿಗೇ ಬಿಟ್ಟೆ. ನನ್ನ ತಲೆಯಲ್ಲಿ ತುಂಬಿದ್ದದ್ದು ಬೇರೆ.

ಮಾರಿದರೆ ಬಾಳವ್ವ ನಡೆಯುತ್ತಾಳೆ. ಆದರೆ ನಡೆದುಬಂದು ಹೊಸ್ತಿಲಲ್ಲಿ ಕೂತು ಯಾರ ಮೊಳೆ ಒತ್ತಬೇಕು? ಯಾರೋ ಮೇಡಮ್ಮಿನದು. ಬಾಗಿಲು ಆ ಮೇಡಮ್ಮನ್ನು ನೋಡುತ್ತದೆ. ಅವನು ಎಲ್ಲಿದ್ದಾನೆ, ಇದ್ದಾನೋ ಸತ್ತನೋ, ಮುಂದೆಂದೂ ತಿಳಿಯುವುದಿಲ್ಲ. ಮಾರದಿದ್ದರೆ ದಿಕ್ಕು ಉಳಿಯುತ್ತದೆ, ನೋಡಬೇಕಾದವಳು ಮಂಚದಲ್ಲಿ ಕೊಳೆಯುತ್ತಾಳೆ. ಒತ್ತಿಗಿಡೋಣವೆಂದರೆ ಗಂಡನ ಮೊಳೆಯಿರುವ ಮನೆಯನ್ನು ಹೆಂಡತಿಯ ಮಾತಿನ ಮೇಲೆ ಯಾರೂ ಮುಟ್ಟುವುದಿಲ್ಲ. ಅತ್ತ ದರಿ ಇತ್ತ ಪುಲಿ. ಆ ದಿನ ಬಡಿದ ರೊಟ್ಟಿಗಳೆಲ್ಲ ಹರಿದವು.

ಬಾಳವ್ವನಿಗೆ ಹೇಳಿದೆ. ಅವಳು ಮುಖವನ್ನು ಗೋಡೆಗೆ ತಿರುಗಿಸಿದಳು.

"ಮೊಳಿ ಮುಟ್ಟಿದ್ರ ನನ್ನ ಹೆಣಾ ನೋಡ್ತಿ."

"ಯಕ್ಕಾ, ಹಿಂಗ ಬಿಟ್ರೂ ಅದನ್ನ ನೋಡ್ತೇನಿ."

"ನೋಡು. ಕಾಲ ಹೋದ್ರ ಹೋಗಲಿ. ನೀ ದಿನಾ ಒತ್ತಿ ನೋಡಿ ನನಗ ಹೇಳು, ಸಾಕು."

ಹೀಗೆ ಅವಳ ಕೆಲಸ ನನ್ನ ಹೆಬ್ಬೆರಳಿಗೆ ಬಂತು. ಬೆಳಿಗ್ಗೆ ಒತ್ತಿ, ಗಟ್ಟಿ ಐತಿ ಎಂದು ಒಳಗೆ ಕೇಳುವಂತೆ ಹೇಳುತ್ತಿದ್ದೆ. ಅವಳು ಹೂಂ ಎನ್ನುತ್ತಿದ್ದಳು. ಜ್ವರ ಏರುತ್ತಿತ್ತು.

ಮಂಗಳವಾರ ಪಕ್ಕದ ಮನೆಯ ಹುಸೇನಬಿ ಗಂಜಿ ತಂದಳು. ಮಗಳ ನರ್ಸಿಂಗ್ ಕಾಲೇಜಿಗೆಂದು ಹೋದ ವರ್ಷ ಅವಳು ವಾಲೀಕಾರನಿಗೆ ಮನೆ ಕೊಟ್ಟವಳು. ಅಂದು ಅವಳ ಬಾಗಿಲೂ ತಿರುಗಿ ತಾಳೆಮರದ ಕಡೆ ನಿಂತಾಗ ನಾವಿಬ್ಬರೂ ಬಿದ್ದುಬಿದ್ದು ನಕ್ಕಿದ್ದೆವು. ಪಟ್ಟಣ ಆ ಕಡೆ, ದುಡ್ಡಿದ್ದವರೂ ಓಡಿಹೋದವರೂ ಇರುವುದು ಆ ಕಡೆಯೇ, ಮತ್ತೆಲ್ಲಿಗೆ ನೋಡುತ್ತದೆ ಎಂದಿದ್ದೆವು. ಈಗ ಹಿತ್ತಲಲ್ಲಿ ಹಿಟ್ಟು ನಾದುತ್ತಾ ಕೂತು, ಕೊಡಲೋ ಬೇಡವೋ ಎಂದು ಅವಳನ್ನೇ ಕೇಳಿದೆ.

"ಹೆಂಗ ಹೇಳಲಿ?" ಎಂದಳು ಹುಸೇನಬಿ. "ಮಗಳು ಓದಾಕತ್ಯಾಳ, ಅದು ಖರೇ. ಮನಿ ಅದ, ಒಲಿ ಅದ, ಬೆಕ್ಕೂ ಅದ. ಆದ್ರ ಗ್ವಾಡಿಗೆ ಕ್ಯಾಲೆಂಡರ್ ಹಾಕಬೇಕಂದ್ರೂ ವಾಲೀಕಾರನ್ನ ಕೇಳಬೇಕು. ಬಾಡಿಗಿ ಆಗಲೇ ಒಮ್ಮಿ ಏರಿಸ್ಯಾರ. ಸಂತಿಗೆ ಹೋಗಿ ಬರೂಮುಂದ ಮನಿ ನನ್ನ ಕಡೆ ನೋಡ್ತಿತ್ತಲ್ಲ, ಈಗ ನೋಡಂಗಿಲ್ಲ. ಅದೊಂದಕ್ಕ ಇನ್ನೂ ಅಳು ಬರ್ತೈತಿ."

ಗಂಜಿಯ ಪಾತ್ರೆಯನ್ನು ನನ್ನ ಕಡೆ ಸರಿಸಿ ಅವಳೇ ಮತ್ತೆ ಹೇಳಿದಳು. "ಬಾಳವ್ವ ಬಿದ್ದ ದಿನ ನಾನೂ ಬೀಳಾಕಿದ್ದೆ ನೋಡು. ಮುಂಜಾನೆ ಚಾದ ಕಪ್ಪು ಹಿಡಕೊಂಡು ಕಾಲ ಹೊರಗ ಇಡಬೇಕು, ಮೆಟ್ಟಲಾ ಅತ್ಲಾಗ, ಬಾಗಲಾ ಇತ್ಲಾಗ. ಮೇಡಂ ಎಲ್ಲಿಗೋ ಹೋಗಿದ್ಲಂತ ಕಾಣತೈತಿ, ಮೊಳಕೈ ಉದ್ದ ಸರದಿತ್ತು."

"ಯಾವ ಕಡೆ ಸರದಿತ್ತು?"

"ಪೂರ್ವಕ್ಕ."

ನನ್ನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಒಣಗಿತು. ಒಂದು ಸಲ ಕಾಕತಾಳೀಯ ಇರಬಹುದು. ಮನಸ್ಸಿನಲ್ಲಿ ಬಂದ ಮಾತನ್ನು ಬಾಯಿಂದ ಆಡಿದರೆ ನಿಜವಾಗಿಬಿಡುತ್ತದೆಂದು ಹೆದರಿದೆ.

ಬುಧವಾರ ನಾನು ರೊಟ್ಟಿಗೆ ಕೂರಲಿಲ್ಲ. ಸಂದಿಯ ಬಾಯಲ್ಲಿ, ನಮ್ಮ ಬಾಗಿಲೂ ಹುಸೇನಬಿಯ ಬಾಗಿಲೂ ಕಾಣುವ ಕಡೆ, ಜೋಳ ಹಸನು ಮಾಡುವ ನೆಪದಲ್ಲಿ ಮೊರ ಹಿಡಿದು ಕೂತೆ. ಹತ್ತು ಗಂಟೆಯವರೆಗೆ ಎರಡೂ ಮರವನ್ನೇ ನೋಡುತ್ತಿದ್ದವು. ಆಮೇಲೆ ನಮ್ಮ ಕಟ್ಟೆಯ ಕೆಳಗೆ ಕಲ್ಲು ಕಲ್ಲಿಗೆ ಉಜ್ಜುವ ಸದ್ದು ಕೇಳಿಸಿತು. ಅದು ಇನ್ನೂ ನಿಂತಿರಲಿಲ್ಲ, ಹುಸೇನಬಿಯ ಕಟ್ಟೆಯಲ್ಲೂ ಅದೇ ಸದ್ದು. ಎರಡೂ ಬಾಗಿಲು ಮರವನ್ನು ಬಿಟ್ಟು ಪೂರ್ವಕ್ಕೆ ಸರಿದವು. ಒಂದು ನಿಂತರೆ ಇನ್ನೊಂದೂ ನಿಲ್ಲುತ್ತಿತ್ತು, ಹೊರಟರೆ ಜೊತೆಗೆ ಹೊರಡುತ್ತಿತ್ತು. ಓಣಿಯ ಉಳಿದೆರಡು ಮಾರಿದ ಮನೆಗಳನ್ನೂ ಓಡಿಹೋಗಿ ನೋಡಿದೆ. ಅವೂ ಹಾಗೇ. ಒಂದೇ ನೊಗಕ್ಕೆ ಹೂಡಿದ ಎತ್ತುಗಳ ಹಾಗೆ ನಾಲ್ಕೂ ಮನೆಗಳು ಮಧ್ಯಾಹ್ನವೆಲ್ಲ ಪೂರ್ವವನ್ನು ನೋಡಿ, ಸಂಜೆಗೆ ಜೊತೆಯಾಗಿಯೇ ಮರಕ್ಕೆ ಮರಳಿದವು.

ಮೂರು ಮನೆಗಳು ಮೇಡಮ್ಮನ್ನು ನೋಡುತ್ತಿದ್ದವು. ನಮ್ಮದು ನನ್ನ ಗಂಡನನ್ನು. ಇಬ್ಬರೂ ಒಂದೇ ಗಾಡಿಯಲ್ಲಿ ಹೋಗಿ ಒಂದೇ ಮನೆಗೆ ಬರುವವರು. ಇಷ್ಟು ವರ್ಷ ಎಲ್ಲಿ ಉಪವಾಸ ಮಲಗಿದ್ದಾನೋ, ಯಾವ ಆಸ್ಪತ್ರೆಯಲ್ಲಿದ್ದಾನೋ ಎಂದು ನಾನು ಹರಕೆ ಹೊತ್ತದ್ದೆಲ್ಲ ನೆನಪಾಗಿ ನನ್ನ ಮೇಲೇ ಅಸಹ್ಯ ಬಂತು. ಸಂದಿಯಲ್ಲಿ ನಿಂತೇ ಅತ್ತೆ. ರೊಟ್ಟಿ ಕೇಳಲು ಬಂದವರು ಹಾಗೇ ತಿರುಗಿ ಹೋದರು.

ಗುರುವಾರ ವಾಲೀಕಾರ ಹೇಳಿದ ಹೊತ್ತಿಗೆ ಬಂದ. ಹಿತ್ತಲಲ್ಲಿ, ಬಾಗಿಲ ಪಕ್ಕದ ಕಲ್ಲಿನ ಮೇಲೆ ಕೂರಿಸಿ ಚಹಾ ಕೊಟ್ಟೆ. ನಡುಮನೆಯ ಮಂಚಕ್ಕೆ ಅಲ್ಲಿನ ಮಾತೆಲ್ಲ ಕೇಳಿಸುತ್ತದೆ. ಕೇಳಿಸಲಿ ಎಂದೇ ಅಲ್ಲಿ ಕೂರಿಸಿದ್ದೆ.

"ನಿನ್ನೆ ನಿಮ್ಮ ಮೇಡಂ ಪೂರ್ವದ ಕಡೆ ಎಲ್ಲಿಗೋ ಹೋಗಿದ್ರಲ್ಲ?"

"ಹೌದ್ರಿ, ಮದಿವಿ ಇತ್ತು. ಸಾಹೇಬ್ರೂ ಕೂಡೇ ಹೋಗಿದ್ರು" ಎಂದ. ನಮ್ಮೂರಲ್ಲಿ ಇಂಥದು ತಿಳಿಯುವುದು ಹೊಸತಲ್ಲವಾದ್ದರಿಂದ ಅವನಿಗೆ ಏನೂ ಅನಿಸಲಿಲ್ಲ.

"ನಿಮ್ಮ ಸಾಹೇಬ್ರ ಎಡಗಿವಿ ತುದಿ ಹರದೈತೇನು? ಸಣ್ಣಾಂವಿದ್ದಾಗ ಹೋರಿಗರ ಹಾಯ್ದಿತ್ತು."

ವಾಲೀಕಾರನ ಚಹಾ ಲೋಟ ತುಟಿಯ ಹತ್ತಿರವೇ ನಿಂತಿತು. ಅವನು ನನ್ನನ್ನು ನೋಡಿದ, ಮರದ ಕಡೆ ನಿಂತ ನಮ್ಮ ಬಾಗಿಲನ್ನು ನೋಡಿದ, ಆಮೇಲೆ ಹುಸೇನಬಿಯ ಬಾಗಿಲನ್ನು. ಪಾಪ, ಅವನಿಗೂ ಗೊತ್ತಿರಲಿಲ್ಲವೆಂದು ಅವನ ಮುಖವೇ ಹೇಳಿತು. "ಹರದೈತ್ರಿ" ಎಂದ, ನೆಲ ನೋಡುತ್ತಾ.

ನಾನು ಒಳಗೆ ಹೋಗಲು ಹೆದರಿದೆ. ಈ ಮಾತು ಬಾಳವ್ವನ ಜೀವ ತೆಗೆದರೆ ತೆಗೆದವಳು ನಾನೇ. ಎಷ್ಟೋ ಹೊತ್ತಿನ ಮೇಲೆ ಅವಳ ದನಿ ಬಂತು, ಜ್ವರದ ದನಿಯಲ್ಲ, ದಿನದ ದನಿ.

"ಫಕೀರವ್ವ, ಇಕ್ಕಳ ತಾ. ಮಂಚಾ ಹೊಸ್ತಿಲಕ್ಕ ಎಳಿ."

ಹುಸೇನಬಿಯನ್ನು ಕರೆದು ಇಬ್ಬರೂ ಸೇರಿ ಮಂಚ ಎಳೆದೆವು. ಬಾಳವ್ವ ನೋವಿಗೆ ಕಣ್ಣು ಮುಚ್ಚಿ ಕೈ ಇಳಿಬಿಟ್ಟು ಮೊಳೆಯನ್ನು ಹೆಬ್ಬೆರಳಿಂದ ಒತ್ತಿದಳು. "ಗಟ್ಟಿ ಐತಿ" ಎಂದಳು. "ಆರಾಮ ಅದಾನ." ಆಮೇಲೆ ಇಕ್ಕಳ ಹಿಡಿದಳು. ಬದುಕಿರುವವನ ಮೊಳೆ ಸುಲಭಕ್ಕೆ ಬರುವುದಿಲ್ಲ. ಅವಳ ಕೈಮೇಲೆ ನಾನು ಕೈಯಿಟ್ಟೆ. ಹಕ್ಕು ಅವಳದು, ಬಲ ನನ್ನದು. ಕಿರ್ರೆಂದು ಮೊಳೆ ಮೇಲೆ ಬಂತು. ಮನೆ ಒಮ್ಮೆ ಅದುರಿ, ಎಲ್ಲಿಗೆ ನೋಡಬೇಕೆಂದು ತಿಳಿಯದೆ ಹಾಗೇ ನಿಂತಿತು.

ವಾಲೀಕಾರ ರೂಢಿಯಂತೆ ಮೇಡಮ್ಮಿನ ಮೊಳೆಯನ್ನು ಚೀಲದಿಂದ ತೆಗೆದ.

"ಅದನ್ನ ಒಳಗ ಇಡ್ರಿ" ಎಂದೆ. "ಮನಿ ಕೊಡೂದಿಲ್ಲ. ನಿಮ್ಮ ಸಾಹೇಬ್ರಿಗೆ ಬೇಕಾಗಿದ್ದು ಮನಿ ಅಲ್ಲ, ಈ ಮೊಳಿ. ದಿನಾ ತನ್ನ ಕಡೆ ನೋಡಾಕತ್ತಿದ್ದ ಬಾಗಲಾ ಅಂವಗ ಕುತ್ತಿಗಿ ಮ್ಯಾಲಿನ ಕುರುವು. ಯಕ್ಕನ ಆಪರೇಷನ್ ಖರ್ಚು ಆಸ್ಪತ್ರಿಗೆ ಕಟ್ಟಿದ್ರ ಮೊಳಿ ಕೊಡ್ತೇವಿ. ಇಲ್ಲಂದ್ರ ನಮ್ಮ ಕೋಳಿಗೂಡಿನ ಹೊಸ್ತಿಲಕ್ಕ ಬಡೀತೇನಿ. ಅಂವ ಎಲ್ಲಿ ಹೋದ್ರೂ ಕೋಳಿಗೂಡು ಅಂವನ್ನ ನೋಡ್ಕೋತ ತಿರಗಲಿ. ಊರ ಮಂದಿಗೆ ಯಾಕಂತ ನಾನ ಹೇಳ್ತೇನಿ. ಒಂದಿನ ನಿಮ್ಮ ಮೇಡಮ್ಮೂ ಕೇಳ್ತಾರ."

ಹುಸೇನಬಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ವಾಲೀಕಾರ ಫೋನು ಹಿಡಿದು ಹಿತ್ತಲ ಕೊನೆಯ ನುಗ್ಗೆಮರದ ತನಕ ಹೋದ. ಬಹಳ ಹೊತ್ತೇನೂ ಹಿಡಿಯಲಿಲ್ಲ. ಬಂದವನು, "ಒಪ್ಯಾರ್ರಿ. ಇವತ್ತ ಸಂಜಿಕ ಕಟ್ಟತಾರಂತ" ಎಂದ.

ಬಾಳವ್ವ ಮೊಳೆ ಹಿಡಿದ ಮುಷ್ಟಿ ಬಿಚ್ಚಲಿಲ್ಲ. "ಅಕ್ಕಗ ಏನಾಗೇತಿ, ಹೆಂಗ ಅದಾಳ ಅಂತ ಕೇಳಿದನೇನಪಾ?"

ವಾಲೀಕಾರ ಅನ್ನ ತಿನ್ನುವ ಮನುಷ್ಯ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ತಲೆ ತಗ್ಗಿಸಿದ.

ಸಂಜೆ ದುಡ್ಡು ಬಂತೆಂದು ಆಸ್ಪತ್ರೆಯಿಂದ ಫೋನು ಬಂದಮೇಲೆ ಬಾಳವ್ವ ಮೊಳೆಯನ್ನು ವಾಲೀಕಾರನ ಅಂಗೈಯಲ್ಲಿಟ್ಟಳು. ಅಲ್ಲಿಯವರೆಗೆ ಒಂದು ಹನಿ ಹಾಕದವಳು ಆಗ ಅತ್ತಳು. ಸೊಂಟದ ಮೇಲೆ ಹೊತ್ತವನನ್ನು ಕೈಯಾರೆ ಕೊಟ್ಟ ಅಳು ಅದು. ನಾನು ಸುಮ್ಮನಿರು ಎನ್ನಲಿಲ್ಲ. ಅತ್ತು ಮುಗಿದಮೇಲೆ ಅವಳೇ, "ನಿನ್ನ ಕೂದಲಾ ಕತ್ತರಿಸಿ ಮೋನೇಶಗ ಕೊಟ್ಟು ಬಾ" ಎಂದಳು.

"ನೀ ಹಿರಿಯಾಕಿ. ನಿಂದ ಆಗಲಿ ಯಕ್ಕಾ."

"ನಂದು ಯಾಕ? ನನ್ನ ಮೊಳಿ ನಾಕ ದಿನಕ್ಕ ಸಡಿಲ ಆಗ್ತೈತಿ. ನೀ ದುಡದ ಮನಿ."

ಮೋನೇಶ ಮಾಡಿಕೊಟ್ಟ ಮೊಳೆಯ ಮೇಲೆ ಗೆರೆ ಅರ್ಧ ಕಪ್ಪು, ಅರ್ಧ ಬೂದಿ ಬಣ್ಣ. ಬಡಿದ ಕೂಡಲೇ ಮನೆ ನರಳುತ್ತಾ, ಕಟ್ಟೆಯ ಧೂಳೆಲ್ಲ ಉದುರಿಸುತ್ತಾ, ಎಷ್ಟೋ ವರ್ಷಗಳ ಮೇಲೆ ಬೀದಿಗೆ ಮುಖ ಮಾಡಿತು. ಮಾರನೆಯ ದಿನ ರೊಟ್ಟಿ ಕೊಳ್ಳುವವರು ಸಂದಿಯಲ್ಲಿ ಬಳಸಿಕೊಂಡು ಹಿತ್ತಲಿಗೆ ಹೋಗಿ, ಬರೀ ಗೋಡೆ ನೋಡಿ, ನಮ್ಮನ್ನು ಬೈಯುತ್ತಾ ಮುಂದೆ ಬಂದರು. ರೊಟ್ಟಿ ಇರಲಿಲ್ಲ. ನಾವು ಆಸ್ಪತ್ರೆಗೆ ಹೊರಟಿದ್ದೆವು.

ಆಪರೇಷನ್ ಆಯಿತು. ಬಾಳವ್ವ ಈಗಲೂ ಎದ್ದ ಕೂಡಲೇ ಆಸ್ಪತ್ರೆಯ ಮಂಚದ ಪಟ್ಟಿಯನ್ನು ಹೆಬ್ಬೆರಳಿಂದ ಒತ್ತುತ್ತಾಳೆ, ನೆನಪಾಗಿ ಕೈ ಹಿಂದಕ್ಕೆ ತೆಗೆಯುತ್ತಾಳೆ. ಅವನು ಇದ್ದಾನೋ ಇಲ್ಲವೋ ಇನ್ನು ನಮ್ಮ ಮನೆ ಹೇಳುವುದಿಲ್ಲ. ಅದು ನನಗೆ ನೋವಿಲ್ಲದ ಮಾತಲ್ಲ.

ಅವಳಿಗೆ ಸೀರೆ ತರಲೆಂದು ನಾನೊಬ್ಬಳೇ ಒಮ್ಮೆ ಊರಿಗೆ ಬಂದೆ. ಬಸ್ಸಿಳಿದು ಓಣಿಯ ತಿರುವಿಗೆ ಬಂದಾಗ ಮಾರಿದ ಮನೆಗಳು ಬೆನ್ನು ತೋರಿಸಿ ಮರವನ್ನು ನೋಡುತ್ತಿದ್ದವು. ನಮ್ಮ ಮನೆ ಮಾತ್ರ ಬಸ್‌ಸ್ಟ್ಯಾಂಡಿನ ಕಡೆ ತಿರುಗಿ, ನಾನು ಬರುವುದನ್ನೇ ನೋಡುತ್ತಾ ನಿಂತಿತ್ತು. ಮದುವೆಯಾಗಿ ಬಂದಂದಿನಿಂದ ಯಾರೂ ನನ್ನ ದಾರಿಯನ್ನು ಹಾಗೆ ಕಾದಿರಲಿಲ್ಲ. ನಾನು ಹೆಜ್ಜೆ ಹಾಕಿದಂತೆಲ್ಲ ಅದೂ ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಬಂತು. ಮೆಟ್ಟಿಲನ್ನು ಬಾಗಿಲ ನೇರಕ್ಕೆ ಎಳೆದಿಟ್ಟು, ಹೊಸ್ತಿಲಲ್ಲಿ ಕೂತು, ನನ್ನ ಮೊಳೆಯನ್ನು ಹೆಬ್ಬೆರಳಿಂದ ಒತ್ತಿ ನೋಡಿದೆ. ಗಟ್ಟಿಯಾಗಿತ್ತು.